ಮನೆಯ ನಿಸ್ತಂತು ಜಾಲವು ಏಕೆ ಮುಗ್ಗರಿಸುತ್ತದೆ?

ಪರೀಕ್ಷೆಯ ಅರ್ಜಿ ಸಲ್ಲಿಸಲು ಅದು ಕಡೆಯ ದಿನ. ಶುಲ್ಕ ಸಂದಾಯವಾಗುವ ಗಳಿಗೆಯಲ್ಲಿಯೇ ಪರದೆಯ ಮೇಲೆ ಸಣ್ಣದೊಂದು ಚಕ್ರ ಗಿರ್ರನೆ ತಿರುಗತೊಡಗುತ್ತದೆ. ಹಣ ಹೋಯಿತೋ ಇಲ್ಲವೋ, ಅರ್ಜಿ ಸೇರಿತೋ ಇಲ್ಲವೋ ತಿಳಿಯದು. ಇಂತಹ ವೇಳೆಯಲ್ಲಿ ಮನೆಮಂದಿಯೆಲ್ಲ ಒಂದೊಂದು ದಿಕ್ಕಿಗೆ ಬೆರಳು ತೋರಿಸುವುದು ವಾಡಿಕೆ. ತಂದೆ ಸಂಪರ್ಕ ಕೊಟ್ಟ ಕಂಪನಿಯನ್ನು ದೂರುತ್ತಾರೆ. ಅಣ್ಣ ಹಳೆಯ ರೌಟರನ್ನು ದೂರುತ್ತಾನೆ. ಅಜ್ಜಿ ಮಳೆಯನ್ನು ದೂರುತ್ತಾರೆ. (ಅಜ್ಜಿಯ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದೆಂಬುದನ್ನು ಮುಂದೆ ನೋಡುವೆವು.) ಕೊನೆಗೆ ಎರಡು ಮೂರು ಸಾವಿರ ರೂಪಾಯಿ ತೆತ್ತು ಹೊಸ ರೌಟರನ್ನು ತರುವುದೂ ಉಂಟು. ವಾರ ಕಳೆಯುವಷ್ಟರಲ್ಲಿ ಪುನಃ ಅದೇ ಚಕ್ರ!

ರೋಗವಾವುದೆಂದು ತಿಳಿಯದೆ ಔಷಧವನ್ನು ಕೊಂಡರೆ ಹೀಗಲ್ಲದೆ ಇನ್ನೇನಾದೀತು? ಈ ಕಾಯಿಲೆಯನ್ನು ಪತ್ತೆಹಚ್ಚುವುದು ಕಷ್ಟದ ಕೆಲಸವಲ್ಲ. ಅದಕ್ಕೆ ಯಾವ ವಿಶೇಷ ಉಪಕರಣವೂ ಬೇಕಿಲ್ಲ. ಹೈಸ್ಕೂಲಿನ ಭೌತವಿಜ್ಞಾನವನ್ನು ಗಮನವಿಟ್ಟು ಓದಿದವರು ಒಂದು ಭಾನುವಾರದ ಬೆಳಗ್ಗೆ ಕುಳಿತು ಮಾಡಿ ಮುಗಿಸಬಹುದು.

ಮೊದಲು ಸಂದೇಶವು ಸಾಗುವ ಹಾದಿಯನ್ನು ತುಂಡು ಮಾಡಿ ನೋಡಬೇಕು. ಹೊರಗಿನಿಂದ ಬರುವ ಗಾಜಿನ ಎಳೆಯೋ ತಾಮ್ರದ ತಂತಿಯೋ ಮನೆಯ ಗೋಡೆಯವರೆಗೆ ಬಂದು ಒಂದು ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ರೌಟರು ಅದನ್ನು ಗಾಳಿಗೆ ಹರಿಯಬಿಡುತ್ತದೆ. ಗಾಳಿಯಿಂದ ನಿಮ್ಮ ಫೋನು ಅದನ್ನು ಹಿಡಿಯುತ್ತದೆ. ಹೊರಗಿನ ಹಾದಿ, ಒಳಗಿನ ಹಾದಿ ಎಂಬ ಎರಡು ಭಾಗಗಳಾದುವು. ನಾವು ‘ವೈ-ಫೈ ಹೋಯಿತು’ ಎನ್ನುವಾಗ ಈ ಎರಡನ್ನೂ ಒಂದೇ ಹೆಸರಿನಿಂದ ಕರೆದುಬಿಡುತ್ತೇವೆ. ಗೊಂದಲವೆಲ್ಲವೂ ಅಲ್ಲಿಯೇ ಹುಟ್ಟುತ್ತದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಊರಿನ ತೊಟ್ಟಿ ಬರಿದಾಗಿದೆಯೋ, ಮನೆಯ ಕೊಳವೆ ಕಟ್ಟಿಕೊಂಡಿದೆಯೋ ಎಂದು ನಾವು ವಿಚಾರಿಸುವುದಿಲ್ಲವೇ?

ಎರಡನ್ನೂ ಬೇರ್ಪಡಿಸುವ ಪ್ರಯೋಗ ಬಹಳ ಸರಳ. ರೌಟರಿಗೂ ಗಣಕಕ್ಕೂ ನಡುವೆ ಒಂದು ಕೇಬಲನ್ನು ಜೋಡಿಸಿ, ವೈ-ಫೈಯನ್ನು ಆರಿಸಿ, ಒಂದು ಗಂಟೆಯ ಕಾಲ ಕೆಲಸ ಮಾಡಿ ನೋಡುವುದು. ತೊಂದರೆ ಹಾಗೆಯೇ ಉಳಿದರೆ ಗಾಳಿ ನಿರ್ದೋಷಿ. ತೊಂದರೆ ಮಾಯವಾದರೆ ಕಂಪನಿ ನಿರ್ದೋಷಿ. ಕೇಬಲು ಇಲ್ಲದವರು ‘ಪಿಂಗ್’ ಎಂಬ ಆಜ್ಞೆಯನ್ನು ಬಳಸಬಹುದು. ಎಲ್ಲ ಗಣಕಗಳಲ್ಲಿಯೂ ಇರುವ ಈ ಆಜ್ಞೆಯು ದೂರದ ಯಂತ್ರವೊಂದಕ್ಕೆ ‘ಇದ್ದೀಯಾ?’ ಎಂದು ಸಣ್ಣದಾಗಿ ಕೂಗಿ, ‘ಇದ್ದೇನೆ’ ಎಂಬ ಮರುದನಿ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಬರೆದು ತೋರಿಸುತ್ತದೆ. ಒಂದು ಕಿಟಕಿಯಲ್ಲಿ ನಿಮ್ಮ ರೌಟರನ್ನು ಕೂಗಿಸಿರಿ. ಅದರ ವಿಳಾಸ ಸಾಮಾನ್ಯವಾಗಿ ರೌಟರಿನ ತಳದ ಚೀಟಿಯಲ್ಲಿರುತ್ತದೆ. ಇನ್ನೊಂದು ಕಿಟಕಿಯಲ್ಲಿ ಹೊರಗಿನ ಯಾವುದಾದರೂ ಹೆಸರಾಂತ ತಾಣವನ್ನು ಕೂಗಿಸಿರಿ. ರೌಟರಿನ ಉತ್ತರ ೨, ೩, ೫ ಮಿಲಿಸೆಕೆಂಡುಗಳಲ್ಲಿ ಒಂದೇ ಸಮನೆ ಬರುತ್ತಿದ್ದು, ಹೊರಗಿನ ಉತ್ತರ ಮಾತ್ರ ತಡೆದು ತಡೆದು ಬಂದರೆ ದೋಷ ಹೊರಗಿನದು. ರೌಟರಿನ ಉತ್ತರವೇ ೩ ಇದ್ದದ್ದು ೨೦೦ಕ್ಕೆ ನೆಗೆದು, ನಡುನಡುವೆ ಇಲ್ಲವಾಗುತ್ತಿದ್ದರೆ ದೋಷ ನಿಮ್ಮ ಮನೆಯ ಗಾಳಿಯಲ್ಲಿದೆ. ಮನೆಯ ಗಾಳಿಯೇ ಕೆಟ್ಟಿರುವಾಗ ಕಂಪನಿಗೆ ಹತ್ತು ಸಲ ದೂರವಾಣಿ ಮಾಡಿದರೂ ಫಲವಿಲ್ಲ.

ಗಾಳಿ ಎಂದೆವು, ನಿಜವಾಗಿ ಇಲ್ಲಿ ಗಾಳಿಯ ಪಾತ್ರವೇನೂ ಇಲ್ಲ. ಸಂದೇಶವನ್ನು ಹೊರುವುದು ವಿದ್ಯುತ್ಕಾಂತ ತರಂಗ. ೧೮೮೭-೮೮ರಲ್ಲಿ ಜರ್ಮನಿಯ ಹರ್ಟ್ಸ್ ತನ್ನ ಪ್ರಯೋಗಶಾಲೆಯಲ್ಲಿ ಎಬ್ಬಿಸಿದ, ೧೮೯೫ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯ ಸಭೆಯಲ್ಲಿ ಗೋಡೆಗಳನ್ನು ದಾಟಿಸಿ ಗಂಟೆ ಬಾರಿಸಿದ ತರಂಗಗಳ ಜಾತಿಯದೇ ಇದೂ. ಬೆಂಗಳೂರು ಆಕಾಶವಾಣಿಗೆ ದೊರೆತ ೬೧೨ ಕಿಲೋಹರ್ಟ್ಸಿನ ತರಂಗಾಂತರ ಸುಮಾರು ೪೯೦ ಮೀಟರು. ಮನೆಯ ರೌಟರಿನ ತರಂಗವಾದರೋ ಸೆಕೆಂಡಿಗೆ ೨೪೦ ಕೋಟಿ ಸಲ, ಎಂದರೆ ೨.೪ ಗಿಗಾಹರ್ಟ್ಸಿನಲ್ಲಿ ಕಂಪಿಸುತ್ತದೆ. ಅದರ ತರಂಗಾಂತರ ಕೇವಲ ೧೨.೫ ಸೆಂಟಿಮೀಟರು, ಒಂದು ಗೇಣಿಗೂ ಕಡಿಮೆ. ಈ ಒಂದು ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ವೈ-ಫೈಯ ವಿಚಿತ್ರ ನಡವಳಿಕೆಗಳಲ್ಲಿ ಅರ್ಧಪಾಲು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಆಕಾಶವಾಣಿಯ ಉದ್ದನೆಯ ತರಂಗ ಗುಡ್ಡಗಳನ್ನು ಬಳಸಿಕೊಂಡು ಹೋಗಬಲ್ಲುದು. ಗೇಣುದ್ದದ ತರಂಗಕ್ಕೆ ಆ ಸಾಮರ್ಥ್ಯವಿಲ್ಲ. ಅದು ಬಹುಮಟ್ಟಿಗೆ ಬೆಳಕಿನಂತೆ ನಡೆದುಕೊಳ್ಳುತ್ತದೆ. ಲೋಹ ಎದುರಾದರೆ ಹಿಂದಕ್ಕೆ ಪುಟಿಯುತ್ತದೆ. ಇಟ್ಟಿಗೆಯ ಗೋಡೆಯಲ್ಲಿ ಸ್ವಲ್ಪಭಾಗ ಕಳೆದುಹೋಗುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟಿನಲ್ಲಿ ಬಹುಭಾಗ ಕಳೆದುಹೋಗುತ್ತದೆ. ನೀರು ಅದನ್ನು ಚೆನ್ನಾಗಿ ಹೀರುತ್ತದೆ. ಉಕ್ಕಿನ ಬೀರುವಿನ ಹಿಂದೆ, ನಿಲುಗನ್ನಡಿಯ ಬೆನ್ನಿಗೆ, ಮೀನಿನ ತೊಟ್ಟಿಯ ಪಕ್ಕದಲ್ಲಿ ರೌಟರನ್ನು ಇಡುವವರು ದೀಪವನ್ನು ಕೊಳಗದ ಕೆಳಗೆ ಇಡುವವರಂತೆಯೇ ಸರಿ. ಅಂದಕ್ಕೆ ಒಪ್ಪುವುದಿಲ್ಲವೆಂದು ಟೆಲಿವಿಷನ್ನಿನ ಹಿಂದೆ ಬಚ್ಚಿಡುವವರೂ ಇದ್ದಾರೆ!

ಇಲ್ಲಿ ಶಕ್ತಿಯ ಲೆಕ್ಕವನ್ನು ಸ್ವಲ್ಪ ನೋಡಬೇಕು. ರೌಟರು ಹೊರಸೂಸುವುದು ಹೆಚ್ಚೆಂದರೆ ವಾಟಿನ ಹತ್ತನೆಯ ಒಂದು ಭಾಗದಷ್ಟು, ಎಂದರೆ ೧೦೦ ಮಿಲಿವಾಟಿನ ಆಸುಪಾಸು. ಇದು ಎಲ್ಲ ಕಡೆಗೂ ಹರಡುತ್ತ ಹೋಗುವುದರಿಂದ ದೂರ ಎರಡರಷ್ಟಾದರೆ ಬಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಗೋಡೆಗಳ ಸುಂಕ ಬೇರೆ. ಇಂತಹ ಅಗಾಧವಾದ ಇಳಿತಗಳನ್ನು ಬರೆಯಲು ಡೆಸಿಬೆಲ್ ಎಂಬ ಮಾನವನ್ನು ಬಳಸುತ್ತಾರೆ: ಪ್ರತಿ ೧೦ ಡೆಸಿಬೆಲ್ ಇಳಿದಾಗಲೂ ಶಕ್ತಿ ಹತ್ತನೆಯ ಒಂದು ಪಾಲಾಗುತ್ತದೆ. ಒಂದು ಮಿಲಿವಾಟನ್ನು ಸೊನ್ನೆಯೆಂದು ಹಿಡಿದರೆ ರೌಟರು ಹೊರಡಿಸುವುದು +೨೦. ಅದೇ ಕೋಣೆಯಲ್ಲಿರುವ ಫೋನಿಗೆ ದೊರೆಯುವುದು −೪೦ ಅಥವಾ −೫೦. ಎರಡು ಗೋಡೆಗಳಾಚೆಯ ಕೋಣೆಯಲ್ಲಿ −೮೦ ಆಗಿರಬಹುದು. +೨೦ರಿಂದ −೮೦ಕ್ಕೆ ನೂರು ಡೆಸಿಬೆಲ್; ಎಂದರೆ ಹೊರಟ ಶಕ್ತಿಯ ಸಾವಿರ ಕೋಟಿಯಲ್ಲೊಂದು ಪಾಲು ಮಾತ್ರ ಮುಟ್ಟಿತು! ಇಷ್ಟರಿಂದಲೇ ಚಲಚ್ಚಿತ್ರವೊಂದನ್ನು ಹಿಡಿದು ತೋರಿಸುವ ಆ ಪುಟ್ಟ ಯಂತ್ರದ ಜಾಣ್ಮೆಗೆ ಬೆರಗಾಗಬೇಕೇ ಹೊರತು ಅದನ್ನು ಶಪಿಸಬಾರದು.

ಆದರೆ ಬಲ ಕಡಿಮೆಯಾದುದೊಂದೇ ಕೇಡಲ್ಲ. ಎಲ್ಲ ಗ್ರಾಹಕಗಳಲ್ಲಿಯೂ ಸದಾ ಒಂದು ಗದ್ದಲವಿರುತ್ತದೆ. ವೈ-ಫೈಯಲ್ಲಿ ಅದು ಸುಮಾರು −೯೫ರ ಮಟ್ಟದ್ದು. ದನಿ ಈ ಗದ್ದಲಕ್ಕಿಂತ ಎಷ್ಟು ಮೇಲಿದೆಯೆಂಬುದೇ ಮುಖ್ಯ. ಅಂತರ ಕಡಿಮೆಯಾದಂತೆಲ್ಲ ಯಂತ್ರವು, ಸಂತೆಯಲ್ಲಿ ಕಿವುಡರೊಡನೆ ಮಾತಾಡುವವರಂತೆ, ಒಂದೊಂದೇ ಪದವನ್ನು ನಿಧಾನವಾಗಿ ಹೇಳತೊಡಗುತ್ತದೆ. ಸೆಕೆಂಡಿಗೆ ನೂರಾರು ಮೆಗಾಬಿಟ್ ಸಾಗಿಸುತ್ತಿದ್ದದ್ದು ಆರೇಳು ಮೆಗಾಬಿಟ್ಟಿಗೆ ಇಳಿಯುತ್ತದೆ. ಫೋನುಗಳಲ್ಲಿ ಈ ಸಂಖ್ಯೆಯನ್ನು ತೋರಿಸುವ ಉಚಿತ ಆ್ಯಪುಗಳಿವೆ. ಅದನ್ನು ಹಿಡಿದು ಮನೆಯನ್ನೊಮ್ಮೆ ಸುತ್ತಿಬಂದು, ಯಾವ ಕೋಣೆಯಲ್ಲಿ ಎಷ್ಟು ಎಂದು ಕಾಗದದ ಮೇಲೆ ಬರೆದುಕೊಳ್ಳಿರಿ. −೬೭ಕ್ಕಿಂತ ಮೇಲಿದ್ದರೆ ಮುಖಾಮುಖಿ ಸಂಭಾಷಣೆಗೂ ಸಾಕು. −೮೦ಕ್ಕೆ ಇಳಿದ ಮೂಲೆಯಲ್ಲಿ ಕುಳಿತು ಪರೀಕ್ಷೆ ಬರೆಯುವ ಸಾಹಸ ಬೇಡ.

ಹೀಗೆ ಸುತ್ತುವಾಗ ಒಂದು ಸೋಜಿಗ ನಿಮ್ಮ ಕಣ್ಣಿಗೆ ಬಿದ್ದೀತು. ಮೇಜಿನ ಈ ಅಂಚಿನಲ್ಲಿ −೬೦ ಇದ್ದದ್ದು ನಾಲ್ಕು ಬೆರಳು ಸರಿಸಿದರೆ −೭೫ ಆಗುತ್ತದೆ! ಕಾರಣ ಗೇಣುದ್ದದ ತರಂಗವೇ. ನೇರವಾಗಿ ಬಂದ ತರಂಗವೂ ಗೋಡೆಯಿಂದ ಪುಟಿದು ಬಂದ ತರಂಗವೂ ಒಂದೆಡೆ ಕೂಡಿದಾಗ, ಉಬ್ಬಿಗೆ ಉಬ್ಬು ಸೇರಿದರೆ ಬಲ ಹೆಚ್ಚುತ್ತದೆ. ಉಬ್ಬಿಗೆ ತಗ್ಗು ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಕಾಲೇಜಿನಲ್ಲಿ ಬೆಳಕಿನ ವ್ಯತಿಕರಣವೆಂದು ಓದುವ ವಿಷಯವೇ ಇಲ್ಲಿ ನಿಮ್ಮ ಓದಿನ ಮೇಜಿನ ಮೇಲೆ ನಡೆಯುತ್ತಿದೆ. ಆರು ಸೆಂಟಿಮೀಟರಿನಷ್ಟು, ಎಂದರೆ ಅರ್ಧ ತರಂಗಾಂತರದಷ್ಟು ಸರಿದರೆ ಚಿತ್ರವೇ ಬದಲಾಗಬಹುದು. ಆದುದರಿಂದ ರೌಟರನ್ನು ಒಂದು ಗೇಣು ಆಚೀಚೆ ಸರಿಸಿ ನೋಡುವುದು ಮೂಢನಂಬಿಕೆಯಲ್ಲ. ಅದು ಶುದ್ಧ ಭೌತವಿಜ್ಞಾನ. ಅದರ ಕಡ್ಡಿಯ ವಿಷಯವೂ ಹೀಗೆಯೇ. ನೆಟ್ಟಗೆ ನಿಂತ ಕಡ್ಡಿಯು ತನ್ನ ಸುತ್ತಲಿಗೆ ಹೆಚ್ಚಾಗಿಯೂ, ತನ್ನ ನೆತ್ತಿ ಮತ್ತು ಬುಡದ ಕಡೆಗೆ ಬಹಳ ಕಡಿಮೆಯಾಗಿಯೂ ಸೂಸುತ್ತದೆ. ಮಹಡಿಯಲ್ಲಿ ಸಂಪರ್ಕ ಸಿಕ್ಕುತ್ತಿಲ್ಲವಾದರೆ ಒಂದು ಕಡ್ಡಿಯನ್ನು ಅಡ್ಡಲಾಗಿ ಮಲಗಿಸಿ ನೋಡಬೇಕು.

ಸಂಖ್ಯೆ −೫೦ ಇದ್ದರೂ ಸಂಜೆ ಎಂಟರಿಂದ ಹತ್ತರವರೆಗೆ ಮಾತ್ರ ಸಂಪರ್ಕ ಕುಂಟುತ್ತದೆ ಎನ್ನುವವರಿದ್ದಾರೆ. ಅವರ ತೊಂದರೆ ನೆರೆಹೊರೆಯದು. ೨.೪ ಗಿಗಾಹರ್ಟ್ಸಿನ ಪಟ್ಟಿ ಯಾರಿಗೂ ಮೀಸಲಲ್ಲದ ಗೋಮಾಳದಂತಹುದು. ಅಮೆರಿಕದಲ್ಲಿ ೧೯೮೫ರಲ್ಲಿ ಇದನ್ನು ಲೈಸೆನ್ಸಿಲ್ಲದ ಸಂಪರ್ಕಕ್ಕೆ ತೆರೆದರು. ನಮ್ಮ ದೇಶದಲ್ಲಿ ೨೦೦೫ರಲ್ಲಿ ಲೈಸೆನ್ಸಿನ ಅಗತ್ಯ ಹೋಯಿತು. ಅಲ್ಲಿ ಯಾರು ಬೇಕಾದರೂ ದನ ಮೇಯಿಸಬಹುದು. ಬಹುಮಹಡಿಯ ಕಟ್ಟಡವೊಂದರಲ್ಲಿ ನಿಂತು ಹುಡುಕಿದರೆ ಇಪ್ಪತ್ತು ಮೂವತ್ತು ರೌಟರುಗಳ ಹೆಸರು ಕಾಣುವುದು ಅಪರೂಪವಲ್ಲ. ಈ ಪಟ್ಟಿಯಲ್ಲಿ ಚಾನೆಲ್ಲುಗಳೆಂಬ ೧೩ ಗುರುತುಗಳಿವೆ. ಒಂದಕ್ಕೂ ಮುಂದಿನದಕ್ಕೂ ಅಂತರ ೫ ಮೆಗಾಹರ್ಟ್ಸ್. ಪ್ರತಿಯೊಂದು ಪ್ರಸಾರಕ್ಕೂ ಬೇಕಾದ ಅಗಲವೋ ೨೦ ಮೆಗಾಹರ್ಟ್ಸ್. ನಾಲ್ಕು ಅಡಿ ಅಗಲದ ಚಾಪೆಗಳನ್ನು ಒಂದೊಂದು ಅಡಿಗೆ ಹಾಸಿದಂತೆ! ಒಂದರ ಮೇಲೊಂದು ಬೀಳದಂತೆ ಹಾಸಲು ರೂಢಿಯಲ್ಲಿ ಆರಿಸುವುದು ಮೂರನ್ನು: ೧, ೬ ಮತ್ತು ೧೧.

ಇಲ್ಲಿ ಅನೇಕರು ಎಡವುತ್ತಾರೆ. ೧ರಲ್ಲಿಯೂ ೬ರಲ್ಲಿಯೂ ಜನ ತುಂಬಿದ್ದಾರೆ, ನಡುವೆ ೩ ಖಾಲಿಯಿದೆ ಎಂದು ಅಲ್ಲಿಗೆ ಹೋಗುತ್ತಾರೆ. ಮೇಲ್ನೋಟಕ್ಕೆ ಇದು ಜಾಣತನ. ನಿಜವಾಗಿ ಇದಕ್ಕಿಂತ ಕೆಟ್ಟ ಆಯ್ಕೆಯಿಲ್ಲ. ವೈ-ಫೈ ಯಂತ್ರಗಳು ಸಭ್ಯವಾದುವು. ಮಾತಾಡುವ ಮುನ್ನ ಕಿವಿಗೊಡುತ್ತವೆ. ಬೇರೊಂದು ಮಾತಾಡುತ್ತಿದ್ದರೆ ಸುಮ್ಮನಿರುತ್ತವೆ. ಅದು ಮುಗಿದ ಮೇಲೆಯೂ ಇಬ್ಬರು ಒಟ್ಟಿಗೆ ಬಾಯಿ ತೆರೆಯದಿರಲೆಂದು ತಮ್ಮಷ್ಟಕ್ಕೆ ಒಂದು ಸಣ್ಣ ಸಂಖ್ಯೆಯನ್ನು ಎಣಿಸಿ ಅನಂತರ ಆರಂಭಿಸುತ್ತವೆ. ಒಂದೇ ಚಾನೆಲ್ಲಿನಲ್ಲಿರುವವರು ಪರಸ್ಪರರ ಮಾತನ್ನು ಅರಿತು ಸರದಿಯಂತೆ ನಡೆಯುತ್ತಾರೆ. ೩ರಲ್ಲಿ ಕುಳಿತವನಿಗಾದರೋ ೧ ಮತ್ತು ೬ರವರ ಮಾತು ಮಾತೆಂದು ಕೇಳಿಸದೆ ಬರಿಯ ಗದ್ದಲವಾಗಿ ಬಡಿಯುತ್ತದೆ. ಅವನ ಮಾತೂ ಅವರಿಗೆ ಹಾಗೆಯೇ. ಹೀಗಾಗಿ ಮೂವರೂ ಕೆಡುತ್ತಾರೆ. ಜನ ಕಡಿಮೆಯಿರುವ ೧, ೬, ೧೧ರಲ್ಲಿ ಒಂದನ್ನು ಆರಿಸಿ, ಅಗಲವನ್ನು ೨೦ಕ್ಕೆ ನಿಲ್ಲಿಸುವುದೇ ಲೇಸು.

ಸರದಿಯ ಕ್ರಮದಿಂದ ಇನ್ನೊಂದು ಪರಿಣಾಮವೂ ಉಂಟು. ದೂರದ ಕೋಣೆಯಲ್ಲಿ ಯಾರೋ ಹಳೆಯ ಫೋನಿನಲ್ಲಿ −೮೨ರ ಬಲದೊಡನೆ ಚಿತ್ರ ನೋಡುತ್ತಿದ್ದಾರೆನ್ನಿ. ಅವರ ಒಂದೊಂದು ಮಾತೂ ಬಹಳ ನಿಧಾನವಾದುದರಿಂದ ಸರದಿಯ ಹೊತ್ತಿನಲ್ಲಿ ಬಹುಪಾಲನ್ನು ಅವರೇ ತಿಂದುಹಾಕುತ್ತಾರೆ. ರೌಟರಿನ ಪಕ್ಕದಲ್ಲಿಯೇ ಕುಳಿತ ನಿಮಗೆ ಸಂಪರ್ಕ ಏಕೆ ಮಂದವಾಯಿತೆಂದು ತಿಳಿಯುವುದೇ ಇಲ್ಲ.

ಈಗ ಅಡುಗೆಮನೆಗೆ ಬರೋಣ. ಮೈಕ್ರೋವೇವ್ ಒಲೆಯೊಳಗಿನ ಮ್ಯಾಗ್ನೆಟ್ರಾನ್ ೨.೪೫ ಗಿಗಾಹರ್ಟ್ಸಿನ ಸುತ್ತಮುತ್ತ ಕಂಪಿಸುತ್ತದೆ. ವೈ-ಫೈಯ ಗೋಮಾಳದ ನಟ್ಟನಡುವೆ! ಅದರ ಶಕ್ತಿ ೭೦೦ರಿಂದ ೧೦೦೦ ವಾಟು. ಲೋಹದ ಪೆಟ್ಟಿಗೆಯಿಂದ ಹೊರಗೆ ಸೋರುವುದು ಅತ್ಯಲ್ಪ. ಐದು ಸೆಂಟಿಮೀಟರು ದೂರದಲ್ಲಿ ಚದರ ಸೆಂಟಿಮೀಟರಿಗೆ ೫ ಮಿಲಿವಾಟನ್ನು ಮೀರಬಾರದೆಂಬುದು ಸುರಕ್ಷತೆಯ ಮಿತಿ. ಮೈಗೆ ಅದರಿಂದ ಭಯವಿಲ್ಲ. ಆದರೆ ಮಿಲಿವಾಟಿನ ಕೋಟಿಯಲ್ಲೊಂದು ಪಾಲಿಗೆ ಕಿವಿಗೊಟ್ಟು ಕುಳಿತ ಗ್ರಾಹಕಕ್ಕೆ ಆ ಸೋರಿಕೆ ಸಿಡಿಲಿನಂತೆಯೇ. ಸಾಮಾನ್ಯ ಒಲೆಯು ನಮ್ಮ ೫೦ ಹರ್ಟ್ಸಿನ ವಿದ್ಯುತ್ತಿನ ಪ್ರತಿ ಆವರ್ತದಲ್ಲಿ ಸುಮಾರು ಅರ್ಧಭಾಗ ಮಾತ್ರ ಉರಿಯುತ್ತದೆ. ಹತ್ತು ಮಿಲಿಸೆಕೆಂಡು ಗದ್ದಲ, ಹತ್ತು ಮಿಲಿಸೆಕೆಂಡು ಮೌನ. ಮೌನದ ಸಂದುಗಳಲ್ಲಿ ಸಂದೇಶ ನುಸುಳುವುದರಿಂದ ಸಂಪರ್ಕ ಪೂರ್ತಿ ಸಾಯದೆ ಏದುಸಿರು ಬಿಡುತ್ತದೆ. ಪರೀಕ್ಷಿಸಬೇಕೆಂದರೆ ಒಂದು ಬಟ್ಟಲು ನೀರನ್ನು ಒಲೆಯೊಳಗಿಟ್ಟು, ಪಿಂಗ್ ಓಡುತ್ತಿರುವಾಗ ಎರಡು ನಿಮಿಷ ಕಾಯಿಸಿರಿ.

ಈ ಒಲೆಯು ಮಕ್ಕಳ ಪಾಠವನ್ನು ಕೆಡಿಸಿದುದಲ್ಲದೆ ಖಗೋಳವಿಜ್ಞಾನಿಗಳನ್ನೂ ಹದಿನೇಳು ವರ್ಷ ಆಟವಾಡಿಸಿತು. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿ ೬೪ ಮೀಟರು ವ್ಯಾಸದ ರೇಡಿಯೊ ದೂರದರ್ಶಕವಿದೆ. ೨೦೦೧ರಲ್ಲಿ ಅದು ಹಿಡಿದಿಟ್ಟಿದ್ದ, ಕೆಲವೇ ಮಿಲಿಸೆಕೆಂಡುಗಳ ಬಲವಾದ ಮಿಡಿತವೊಂದನ್ನು ೨೦೦೭ರಲ್ಲಿ ಡಂಕನ್ ಲಾರಿಮರ್ ಮತ್ತು ಸಂಗಡಿಗರು ಪ್ರಕಟಿಸಿ, ಅದು ನಮ್ಮ ಆಕಾಶಗಂಗೆಯಾಚೆಯಿಂದ ಬಂದುದೆಂದರು. ಆದರೆ ೧೯೯೮ರಿಂದಲೂ ಅದೇ ದೂರದರ್ಶಕದ ದಾಖಲೆಗಳಲ್ಲಿ ಇದನ್ನು ಹೋಲುವ ಬೇರೆ ಮಿಡಿತಗಳಿದ್ದುವು. ಇವು ಉಪಕರಣದ ಹದಿಮೂರು ಕಿರಣಗಳಲ್ಲಿಯೂ ಒಟ್ಟಿಗೆ ಕಾಣಿಸುತ್ತಿದ್ದುದರಿಂದ ಆಕಾಶದ ಒಂದು ಬಿಂದುವಿನಿಂದ ಬಂದುವಲ್ಲ, ಹತ್ತಿರದವೇ ಎಂಬುದು ನಿಶ್ಚಯವಾಗಿತ್ತು. ಇವಕ್ಕೆ ‘ಪೆರಿಟಾನ್’ ಎಂದು ಹೆಸರಿಟ್ಟರು. ಮೂಲ ಮಾತ್ರ ತಿಳಿಯಲಿಲ್ಲ. ಇವು ಹೀಗಾದರೆ ಲಾರಿಮರರ ಮಿಡಿತವೂ ನೆಲದ್ದೇ ಇರಬಾರದೇಕೆ ಎಂಬ ಸಂದೇಹ ಹುಟ್ಟಿ, ಒಂದು ಹೊಸ ಶಾಖೆಯ ಭವಿಷ್ಯವೇ ತೂಗುಯ್ಯಾಲೆಯಾಯಿತು.

ಪೆರಿಟಾನುಗಳು ಬರುತ್ತಿದ್ದುದು ಕಚೇರಿಯ ವೇಳೆಯಲ್ಲಿ, ಅದರಲ್ಲಿಯೂ ಊಟದ ಹೊತ್ತಿನ ಆಸುಪಾಸಿನಲ್ಲಿ! ನಕ್ಷತ್ರಗಳಿಗೆ ಊಟದ ಹೊತ್ತು ತಿಳಿಯದಷ್ಟೆ. ೨೦೧೪ರ ಕೊನೆಯಲ್ಲಿ ಅಲ್ಲಿ ಗದ್ದಲವನ್ನು ಅಳೆಯುವ ಹೊಸ ಉಪಕರಣವನ್ನು ನಿಲ್ಲಿಸಿದರು. ೨೦೧೫ರ ಜನವರಿಯಲ್ಲಿ ಮೂರು ಪೆರಿಟಾನುಗಳು ಬಂದುವು. ಮೂರು ಸಲವೂ ಅದೇ ಹೊತ್ತಿಗೆ ೨.೪ ಗಿಗಾಹರ್ಟ್ಸಿನ ಬಳಿ ಸೋರಿಕೆ ದಾಖಲಾಗಿತ್ತು. ಎಮಿಲಿ ಪೆಟ್ರಾಫ್ ಮತ್ತು ಸಂಗಡಿಗರು ಒಲೆಗಳಲ್ಲಿ ನೀರು ಕಾಯಿಸಿ ನೋಡಿದರು. ಒಲೆ ತಾನಾಗಿ ನಿಂತರೆ ಏನೂ ಆಗಲಿಲ್ಲ. ಅವಧಿ ಮುಗಿಯುವ ಮುನ್ನವೇ ಅವಸರದಿಂದ ಬಾಗಿಲು ತೆರೆದಾಗ, ಮ್ಯಾಗ್ನೆಟ್ರಾನ್ ಆರುವ ಆ ಕ್ಷಣದಲ್ಲಿ, ೧.೪ ಗಿಗಾಹರ್ಟ್ಸಿನ ಮಿಡಿತವೊಂದು ಹೊರಬಿದ್ದು ಪೆರಿಟಾನ್ ಹುಟ್ಟಿತು. ಹಸಿದವರ ಆತುರವೇ ಕಾರಣವಾಗಿತ್ತು! ಲಾರಿಮರರ ಮಿಡಿತ ಈ ಗುಂಪಿಗೆ ಸೇರಿದುದಲ್ಲವೆಂದೂ ಸ್ಪಷ್ಟವಾಯಿತು. ಅಂತಹವು ಈಗ ಅಧಿಕ ಸಂಖ್ಯೆಯಲ್ಲಿ ದೊರೆತಿವೆ. ಕೋಣೆಯೊಳಗೆ ಪುಟಿದು ಕಲಸಿಹೋಗುವ ತರಂಗಗಳಿಂದ ಸಂದೇಶವನ್ನು ಬಿಡಿಸಿಕೊಳ್ಳುವ ತಂತ್ರಕ್ಕೆ ೧೯೯೬ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದದ್ದೂ ಪಾರ್ಕ್ಸನ್ನು ನಡೆಸುವ ಆಸ್ಟ್ರೇಲಿಯದ ಅದೇ ಸಂಸ್ಥೆ. ಆ ತಂಡದ ಮುಂದಾಳು ಜಾನ್ ಓಸಲಿವನ್ ರೇಡಿಯೊ ಖಗೋಳವಿಜ್ಞಾನಿಯೇ ಆಗಿದ್ದರು.

ನಾವು ಅವರಿಂದ ಕಲಿಯಬಹುದಾದ ಉಪಾಯ ವೇಳೆಯನ್ನು ಬರೆದಿಡುವುದು. ಎರಡು ಮೂರು ದಿನ, ಸಂಪರ್ಕ ತಪ್ಪಿದಾಗಲೆಲ್ಲ ಗಂಟೆ ನಿಮಿಷಗಳನ್ನು ಪುಸ್ತಕದಲ್ಲಿ ಗುರುತು ಹಾಕಿರಿ. ಊಟದ ಹೊತ್ತೋ, ಸಂಜೆಯ ಸಂದಣಿಯೋ, ಮಳೆಯೋ, ವಿದ್ಯುತ್ತು ಹೋಗಿಬಂದ ಗಳಿಗೆಯೋ ತಾನಾಗಿ ಎದ್ದು ಕಾಣುತ್ತದೆ.

ನೆರೆಹೊರೆಯ ಸಂದಣಿಗೂ ಒಲೆಗೂ ಪರಿಹಾರ ೫ ಗಿಗಾಹರ್ಟ್ಸಿನ ಪಟ್ಟಿ. ಅಲ್ಲಿ ಚಾನೆಲ್ಲುಗಳು ಹೆಚ್ಚು. ೨೦೧೮ರಲ್ಲಿ ನಮ್ಮ ಸರಕಾರ ಅದರಲ್ಲಿ ಇನ್ನಷ್ಟು ಭಾಗವನ್ನು ಲೈಸೆನ್ಸಿನಿಂದ ಮುಕ್ತಗೊಳಿಸಿತು. ತರಂಗಾಂತರ ಆರು ಸೆಂಟಿಮೀಟರಿನಷ್ಟೇ ಆದುದರಿಂದ ಗೋಡೆಗಳನ್ನು ದಾಟುವ ಕಸುವು ಕಡಿಮೆ. ಅದೇ ಕೊರತೆ ಒಂದು ಗುಣವೂ ಹೌದು: ನೆರೆಮನೆಯವರ ತರಂಗವೂ ನಿಮ್ಮಲ್ಲಿಗೆ ಬಾರದು. ಅದರ ಕೆಲವು ಚಾನೆಲ್ಲುಗಳನ್ನು ರೇಡಾರುಗಳೂ ಬಳಸುತ್ತವೆ. ರೇಡಾರಿನ ಸುಳಿವು ಕಂಡೊಡನೆ ರೌಟರು ಆ ಜಾಗವನ್ನು ಬಿಟ್ಟುಕೊಡಲೇಬೇಕು. ಒಮ್ಮಿಂದೊಮ್ಮೆ ೫ ಗಿಗಾಹರ್ಟ್ಸಿನ ಹೆಸರು ಮಾಯವಾಗಿ ಒಂದು ನಿಮಿಷದ ನಂತರ ಬಂದರೆ ಇದನ್ನು ಶಂಕಿಸಬಹುದು.

ವಿದ್ಯುತ್ತಿನ ವಿಷಯವನ್ನು ಬಹಳ ಮಂದಿ ಲಕ್ಷಿಸುವುದಿಲ್ಲ. ಕರೆಂಟು ಹೋಗಿ ಇನ್ವರ್ಟರು ಭಾರ ವಹಿಸಿಕೊಳ್ಳುವ ಕ್ಷಣಾರ್ಧದಲ್ಲಿ ದೀಪ ಒಮ್ಮೆ ಮಿಟುಕಿದರೂ ನಮಗೆ ತಿಳಿಯದು. ರೌಟರು ಮಾತ್ರ ಸತ್ತು ಹುಟ್ಟುತ್ತದೆ, ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಹಳತಾದ ಅಡಾಪ್ಟರಿನಲ್ಲಿ ಕೆಪಾಸಿಟರು ಒಣಗಿ, ಕೆಲಸದ ಭಾರ ಬಿದ್ದಾಗ ವೋಲ್ಟೇಜು ಕುಸಿದರೂ ಹೀಗೆಯೇ. ರೌಟರಿನ ಪುಟದಲ್ಲಿ ಅದು ಎಷ್ಟು ಹೊತ್ತಿನಿಂದ ಎಡೆಬಿಡದೆ ಓಡುತ್ತಿದೆಯೆಂಬ ಲೆಕ್ಕವಿರುತ್ತದೆ. ವಾರದಿಂದ ಆರಿಸಿಯೇ ಇಲ್ಲವೆಂದು ನೀವು ತಿಳಿದಿದ್ದು, ಅಲ್ಲಿ ‘೪೦ ನಿಮಿಷ’ ಎಂದಿದ್ದರೆ ತರಂಗಗಳನ್ನು ಬಿಟ್ಟು ಅಡಾಪ್ಟರನ್ನು ಹಿಡಿಯಿರಿ. ರೌಟರಿಗೆಂದೇ ಸಿಕ್ಕುವ ೧೨ ವೋಲ್ಟಿನ ಸಣ್ಣ ಬ್ಯಾಟರಿ ಪೆಟ್ಟಿಗೆ ಈ ತೊಂದರೆಗೆ ಸಾಕು. ಆದರೆ ಗಾಜಿನ ಎಳೆಯ ಪೆಟ್ಟಿಗೆಗೂ ಅದರಿಂದಲೇ ಊಟ ಬಡಿಸಬೇಕು. ಒಂದಕ್ಕೆ ಬಡಿಸಿ ಇನ್ನೊಂದನ್ನು ಉಪವಾಸ ಕೆಡವಿದರೆ ಪ್ರಯೋಜನವಿಲ್ಲ.

ಇನ್ನು ಅಜ್ಜಿಯ ಮಳೆ. ಕೋಣೆಯೊಳಗಿನ ತರಂಗಕ್ಕೆ ಮಳೆಯ ಬಾಧೆಯಿಲ್ಲ. ಕಂಬದ ಮೇಲಿನ ಜೋಡಣೆಗಳಲ್ಲಿ ನೀರು ಹೊಕ್ಕರೆ ತಾಮ್ರದ ತಂತಿ ಖಂಡಿತವಾಗಿ ಕೆಡುತ್ತದೆ. ಗಾಜಿನ ಎಳೆಗೆ ನೀರಿಗಿಂತ ಗಾಳಿಗೆ ಬಿದ್ದ ಕೊಂಬೆಯ ಭಯ ಹೆಚ್ಚು. ಮನೆಯೊಳಗೂ ಆ ಎಳೆಯನ್ನು ಬಾಗಿಲ ಸಂದಿನಲ್ಲಿ ಮಡಿಸಿ ತೂರಿಸಬಾರದು. ಕಿರಿದಾಗಿ ಬಾಗಿಸಿದೆಡೆ ಬೆಳಕು ಒಳಗೆ ಪ್ರತಿಫಲಿಸದೆ ಹೊರಗೆ ಸೋರುತ್ತದೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತೆಂದರೆ ಸಾಮಾನ್ಯವಾಗಿ ಬೆಳಕು ಬರುತ್ತಿಲ್ಲವೆಂದೇ ಅರ್ಥ. ಆಗ ಕಂಪನಿಯನ್ನು ಕರೆಯಲೇಬೇಕು. ಕರೆದಾಗ ‘ನಿಧಾನವಾಗಿದೆ’ ಎನ್ನದೆ, ಕೇಬಲಿನ ಮೂಲಕ ನೋಡಿದೆ, ಇಂತಿಂತಹ ವೇಳೆಯಲ್ಲಿ ನಿಂತಿತು, ರೌಟರಿನ ಉತ್ತರ ೩ ಮಿಲಿಸೆಕೆಂಡು, ಹೊರಗಿನದು ಬರಲಿಲ್ಲ ಎಂದು ಪುಸ್ತಕ ನೋಡಿ ಹೇಳಿರಿ. ‘ಆರಿಸಿ ಹಚ್ಚಿ ನೋಡಿ’ ಎಂಬ ಉತ್ತರಕ್ಕೆ ಅಲ್ಲಿ ಎಡೆಯಿರದು.

ಕಡೆಯದಾಗಿ, ದೂರದ ಕೋಣೆಗೆಂದು ಅಂಗಡಿಯವರು ಮಾರುವ ಪುನಃಪ್ರಸಾರದ ಪೆಟ್ಟಿಗೆ. ಅಗ್ಗದ ಪೆಟ್ಟಿಗೆಗಳು ಕೇಳಿಸಿಕೊಂಡ ಚಾನೆಲ್ಲಿನಲ್ಲಿಯೇ ಮಾತನ್ನು ಇನ್ನೊಮ್ಮೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಂಪರ್ಕವಿಲ್ಲದ ಕೋಣೆಯಲ್ಲಿಯೇ ಇಡುವುದು ಎಲ್ಲರೂ ಮಾಡುವ ಕೆಲಸ. ಅಲ್ಲಿ ಅದಕ್ಕೂ ಏನೂ ಕೇಳಿಸುವುದಿಲ್ಲ. ಇಡಬೇಕಾದುದು ನಡುದಾರಿಯಲ್ಲಿ, −೬೫ರ ಆಸುಪಾಸಿನಲ್ಲಿ. ಗೋಡೆಯ ಅಂಚಿನಲ್ಲಿ ಹದಿನೈದು ಮೀಟರು ಕೇಬಲನ್ನೆಳೆದು ಆ ಕೋಣೆಯಲ್ಲಿ ಹಳೆಯ ರೌಟರನ್ನೇ ಎರಡನೆಯ ಪ್ರಸಾರಕೇಂದ್ರವಾಗಿ ನಿಲ್ಲಿಸಿದರೆ ಖರ್ಚೂ ಕಡಿಮೆ, ವೇಗವೂ ಪೂರ್ತಿ. ಎರಡಕ್ಕೂ ಬೇರೆ ಬೇರೆ ಚಾನೆಲ್ಲುಗಳನ್ನು ಕೊಟ್ಟು, ವಿಳಾಸ ಹಂಚುವ ಕೆಲಸವನ್ನು ಮೊದಲನೆಯದಕ್ಕೆ ಮಾತ್ರ ಬಿಡಬೇಕು.